ಹಳೇ ಜೀಪಿಗೆ ಎಲೆಕ್ಟ್ರಿಕ್ ಫ್ಯಾನ್: ಕೆಲಸ ಕೆಡುವುದು ವೈರಿಂಗಿನಲ್ಲಿ

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಹತ್ತುವ ಜೀಪುಗಳನ್ನು ನೋಡಿದ್ದೀರಿ ಅಲ್ವಾ? ಗಾಡಿ ಹೋಗುವುದು ನಾವು ನಡೆಯುವಷ್ಟೇ ನಿಧಾನ. ಆದರೆ ಲೋ ಗೇರಿನಲ್ಲಿ ಇಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಹಳೇ ಮಹೀಂದ್ರ ಜೀಪುಗಳ ಬೆಲ್ಟ್ ಫ್ಯಾನ್ ಇಂಜಿನ್ ಜೊತೆಗೇ ತಿರುಗುವುದರಿಂದ ಅಂಥ ಏರಿನಲ್ಲೂ ರೇಡಿಯೇಟರಿಗೆ ಸಾಕಷ್ಟು ಗಾಳಿ ಸಿಗುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ತೋಟದ ಕೆಲಸಕ್ಕೆ ಓಡುವ ಜೀಪಾದರೆ ಬೆಲ್ಟ್ ಫ್ಯಾನೇ ಇರಲಿ. ಪದೇ ಪದೇ ಹಳ್ಳ ದಾಟುವವರು, ಕಲ್ಲಿನ ಜಾಗದಲ್ಲಿ ಇಂಜಿನ್ ಐಡಲ್‌ನಲ್ಲಿಟ್ಟು ಬಹಳ ಹೊತ್ತು ನಿಲ್ಲುವವರು ಎಲೆಕ್ಟ್ರಿಕ್ ಹಾಕಿಸಿ.

ಹಳ್ಳದ ವಿಷಯ ಯಾಕೆ ಹೇಳಿದೆ ಅಂದರೆ, ತಿರುಗುತ್ತಿರುವ ಬೆಲ್ಟ್ ಫ್ಯಾನ್ ನೀರಿಗೆ ಸಿಕ್ಕಿದಾಗ ಅದರ ಎಲೆಗಳು ಮುಂದಕ್ಕೆ ಬಾಗುತ್ತವೆ. ಬಾಗಿದ ಎಲೆ ರೇಡಿಯೇಟರನ್ನು ಕೊರೆದುಬಿಡುತ್ತದೆ. ಎಲೆಕ್ಟ್ರಿಕ್ ಫ್ಯಾನನ್ನು ನೀರಿಗೆ ಇಳಿಯುವ ಮುಂಚೆ ಆಫ್ ಮಾಡಬಹುದು.

ಮೊದಲು ಹಳೆಯದನ್ನು ನೋಡಿ. ಗಾಡಿ ಹೀಟ್ ಆಗುತ್ತದೆ ಅಂತ ಫ್ಯಾನ್ ಬದಲಿಸಲು ಹೊರಟವರಲ್ಲಿ ಬಹಳ ಜನರ ಜೀಪಿನಲ್ಲಿ ಶ್ರೌಡೇ ಇರುವುದಿಲ್ಲ. ಶ್ರೌಡ್ ಅಂದರೆ ಫ್ಯಾನಿನ ಸುತ್ತ ಇರುವ ಕವರ್. ಯಾವಾಗಲೋ ರಿಪೇರಿಗೆ ಬಿಚ್ಚಿದ್ದನ್ನು ಮತ್ತೆ ಹಾಕಿರುವುದಿಲ್ಲ. ಅದಿಲ್ಲದಿದ್ದರೆ ಫ್ಯಾನ್ ತನ್ನ ಎದುರಿನ ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ರೇಡಿಯೇಟರಿನ ನಾಲ್ಕು ಮೂಲೆ ಸುಮ್ನೆ ಬಿದ್ದಿರುತ್ತವೆ. ಶ್ರೌಡ್ ಹಾಕಿ, ರೇಡಿಯೇಟರಿನ ಜಾಲರಿಯ ಮಣ್ಣು ತೊಳೆದು, ಒಂದು ವಾರ ಓಡಿಸಿ ನೋಡಿ. ಇನ್ನೊಂದು ಮಾತು: ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ತೆಗೆದು ಬಿಸಾಕುವ ಉಪಾಯವನ್ನು ಯಾರೇ ಹೇಳಿದರೂ ಕೇಳಬೇಡಿ.

ಫ್ಯಾನ್ ಕೂರಿಸುವುದು. ರೇಡಿಯೇಟರಿನ ಹಿಂದೆ, ಇಂಜಿನ್ ಕಡೆ ಕೂತು ಗಾಳಿ ಎಳೆಯುವ ಫ್ಯಾನನ್ನೇ ತನ್ನಿ, ಶ್ರೌಡ್ ಸಮೇತ. ಮೋಟಾರಿಗೂ ವಾಟರ್ ಪಂಪಿಗೂ ಮಧ್ಯೆ ಎರಡು ಬೆರಳಿನಷ್ಟಾದರೂ ಜಾಗ ಇರಲಿ, ಏರಿನಲ್ಲಿ ಇಂಜಿನ್ ಅಲ್ಲಾಡುತ್ತದೆ. ಫ್ಯಾನ್ ಜೊತೆ ಬರುವ ಪ್ಲಾಸ್ಟಿಕ್ ಟೈಗಳನ್ನು ಜಾಲರಿಯೊಳಗೆ ತೂರಿಸಿ ಬಿಗಿಯುವುದು ಕೆಟ್ಟ ಕೆಲಸ. ಉಜ್ಜಿ ಉಜ್ಜಿ ಕೊಳವೆ ತೂತಾಗುತ್ತದೆ. ಪಕ್ಕದ ಫ್ರೇಮಿಗೆ ಪಟ್ಟಿ ಮಾಡಿಸಿ ಬೋಲ್ಟ್ ಹಾಕಿ. ಹಳೇ ಫ್ಯಾನ್ ತೆಗೆದ ಮೇಲೆ ವಾಟರ್ ಪಂಪಿನ ಪುಲ್ಲಿಗೆ (ಬೆಲ್ಟ್ ಸುತ್ತುವ ಚಕ್ರಕ್ಕೆ) ಗಿಡ್ಡ ಬೋಲ್ಟ್ ಬೇಕು, ಉದ್ದದ್ದು ಹಾಕಿದರೆ ಒಳಗೆ ಪಂಪಿಗೆ ತಾಗಬಹುದು.

ಈಗ ವೈರಿಂಗ್. ಇಲ್ಲಿ ಅವಸರ ಬೇಡ. ಬಿಸಿಲೆ ಘಾಟಿನಲ್ಲಿ ಸ್ನೇಹಿತರೊಬ್ಬರ ಜೀಪಿನ ಡ್ಯಾಶ್‌ಬೋರ್ಡಿನಿಂದ ಹೊಗೆ ಬಂತು. ಬಿಚ್ಚಿ ನೋಡಿದರೆ ಫ್ಯಾನಿನ ಪೂರ್ತಿ ಕರೆಂಟನ್ನು ಹಾರ್ನಿನ ತೆಳು ವೈರಿನಿಂದ, ಒಂದು ಸಣ್ಣ ಸ್ವಿಚ್ ಮೂಲಕ ಕೊಟ್ಟಿದ್ದರು. ಇಂಥ ಫ್ಯಾನ್ ಸುಮಾರು 20 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಅಷ್ಟನ್ನು ಆ ಸ್ವಿಚ್ ತಡೆಯುವುದಿಲ್ಲ. ರಿಲೇ ಬೇಕೇ ಬೇಕು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್.

40 ಆಂಪಿಯರಿನ ರಿಲೇ ತನ್ನಿ. ಅದರ ಕಾಲುಗಳ ಮೇಲೆ ನಂಬರ್ ಇರುತ್ತದೆ. ಬ್ಯಾಟರಿಯ ಪ್ಲಸ್‌ನಿಂದ ಬರುವ ವೈರ್ 30ಕ್ಕೆ. ದಾರಿಯಲ್ಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ, 30 ಆಂಪಿಯರ್ ಫ್ಯೂಸ್. 87ರಿಂದ ಫ್ಯಾನಿಗೆ. ಕೀ ಆನ್ ಮಾಡಿದಾಗ ಕರೆಂಟ್ ಬರುವ ವೈರ್ 86ಕ್ಕೆ. 85ರಿಂದ ರೇಡಿಯೇಟರಿನ ಟೆಂಪರೇಚರ್ ಸ್ವಿಚ್ಚಿಗೆ, ಅಲ್ಲಿಂದ ಅರ್ಥಿಗೆ (ಗಾಡಿಯ ಲೋಹದ ಮೈಗೆ). ಹಳ್ಳ ದಾಟುವಾಗ ಆಫ್ ಮಾಡುವ ಸ್ವಿಚ್ಚನ್ನು 86ರ ವೈರಿನಲ್ಲೇ ಹಾಕಿ. ಅಲ್ಲಿ ಕರೆಂಟ್ ತೀರಾ ಕಡಿಮೆ, ಸಣ್ಣ ಸ್ವಿಚ್ ಸಾಕು. ದಾಟಿದ ಮೇಲೆ ಮತ್ತೆ ಆನ್ ಮಾಡಲು ಮರೆಯಬೇಡಿ. ಹೀಗೆ ಮರೆತು ಇಂಜಿನ್ ಕುದಿಸಿಕೊಂಡವರನ್ನು ನೋಡಿದ್ದೇನೆ. ಆಫ್ ಆಗಿದ್ದಾಗ ಕೆಂಪು ದೀಪ ಉರಿಯುವ ಹಾಗೆ ಮಾಡಿಸಿ.

ಫ್ಯಾನಿನ ವೈರ್ ಅಂಗಡಿಯಲ್ಲಿ 4 ಎಂಎಂ (ಚದರ ಎಂಎಂ) ಅಂತ ಕೇಳಿ, ಬ್ಯಾಟರಿ ದೂರವಿದ್ದರೆ 6. ಅರ್ಥ್ ವೈರೂ ಅಷ್ಟೇ ದಪ್ಪ ಇರಬೇಕು. ಬಣ್ಣದ ಮೇಲೆ, ತುಕ್ಕಿನ ಮೇಲೆ ಅರ್ಥ್ ಕೊಟ್ಟರೆ ಫ್ಯಾನ್ ತಿರುಗುತ್ತದೆ, ಆದರೆ ಅರೆಮನಸ್ಸಿನಿಂದ. ಉಪ್ಪುಕಾಗದ ಹಾಕಿ ಹೊಳೆಯುವ ತನಕ ಉಜ್ಜಿ ಬಿಗಿಯಿರಿ. ವೈರ್ ತಿರುಚಿ ಟೇಪ್ ಸುತ್ತುವುದು ಬೇಡ, ವೈರಿನ ತುದಿಗೆ ಲಗ್ (ಲೋಹದ ಕೊಂಡಿ) ಒತ್ತಿಸಿ. ಪೆಟ್ಟಿಗೆಯಲ್ಲಿ ಎಲ್ಲ ಸೇರಿಸಿ ಕೊಡುವ ಅಗ್ಗದ ಕಿಟ್‌ಗಳ ವೈರ್ ಹೊರಗೆ ದಪ್ಪ ಕಾಣುತ್ತದೆ, ಒಳಗೆ ತಾಮ್ರ ನೂಲಿನಷ್ಟು. ನಾನಂತೂ ಕಿಟ್ ಬಿಟ್ಟು ಬಿಡಿಬಿಡಿಯಾಗಿಯೇ ಕೊಳ್ಳುತ್ತೇನೆ.

ಟೆಂಪರೇಚರ್ ಸ್ವಿಚ್ 92 ಡಿಗ್ರಿಗೆ ಆನ್, 87ಕ್ಕೆ ಆಫ್ ಆಗುವಂಥದ್ದು ಸರಿ. ಬೇಗ ತಣ್ಣಗಾಗಲಿ ಅಂತ 80ರದ್ದು ಹಾಕುವವರಿದ್ದಾರೆ. ನಿಮ್ಮ ಥರ್ಮೋಸ್ಟಾಟ್ ತೆರೆಯುವುದೇ 82ಕ್ಕೆ ಆದರೆ ಆ ಫ್ಯಾನ್ ನಿಲ್ಲುವುದಾದರೂ ಹೇಗೆ?

ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ) ಲೆಕ್ಕವನ್ನೂ ಹಾಕಿ. ಫ್ಯಾನಿಗೆ 20, ಹೆಡ್‌ಲೈಟಿಗೆ 9, ವೈಪರಿಗೆ ನಾಲ್ಕೈದು. ಹತ್ತಿರ ಹತ್ತಿರ 35 ಆಂಪಿಯರ್. ಐಡಲ್‌ನಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ, ಫ್ಯಾನ್ ಬೇಕಾಗುವುದು ಆಗಲೇ. 65 ಆಂಪಿಯರಿಗಿಂತ ಕಡಿಮೆಯದು ಇದ್ದರೆ ಮೊದಲು ಅದನ್ನು ಬದಲಿಸಿ.

ಪರೀಕ್ಷೆ. ಫ್ಯಾನ್ ತಿರುಗುವಾಗ ಗ್ರಿಲ್ಲಿನ ಮುಂದೆ ಒಂದು ಕಾಗದ ಹಿಡಿಯಿರಿ. ಅಂಟಿಕೊಂಡರೆ ಸರಿ, ಹಾರಿಹೋದರೆ ಪ್ಲಸ್ ಮೈನಸ್ ಅದಲುಬದಲಾಗಿದೆ. ಆಮೇಲೆ ಮಲ್ಟಿಮೀಟರಿನಲ್ಲಿ ಬ್ಯಾಟರಿಯ ವೋಲ್ಟ್ ನೋಡಿ, ಓಡುತ್ತಿರುವ ಫ್ಯಾನಿನ ಪ್ಲಗ್ಗಿನಲ್ಲೂ ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅರ್ಥ್ ಇಲ್ಲವೇ ಲಗ್ ಕೆಟ್ಟಿದೆ. ಹೆಡ್‌ಲೈಟ್ ಹಾಕಿ ಇಪ್ಪತ್ತು ನಿಮಿಷ ಐಡಲ್‌ನಲ್ಲಿ ಬಿಡಿ. ಫ್ಯಾನ್ ತಾನಾಗಿ ನಿಂತು, ತಾನಾಗಿ ಶುರುವಾಗಬೇಕು. ಕೊನೆಗೆ ಗಾಡಿ ಆಫ್ ಮಾಡಿ ವೈರ್ ಮುಟ್ಟಿ ನೋಡಿ. ಕೈಗೆ ಬಿಸಿ ತಾಗಿದರೆ ಅವತ್ತು ಘಟ್ಟ ಹತ್ತಬೇಡಿ. ಹಳೇ ಬೆಲ್ಟ್ ಫ್ಯಾನನ್ನು ಗುಜರಿಗೆ ಹಾಕದೆ, ಅದರ ನಾಲ್ಕು ಬೋಲ್ಟ್ ಜೊತೆ ಒಂದು ಮಳೆಗಾಲವಾದರೂ ಸೀಟಿನ ಕೆಳಗೆ ಇಟ್ಟುಕೊಳ್ಳಿ.