ಆ ಫೈಲ್‌ಗೆ ಹೆಸರಿಟ್ಟವರು ನಾವಲ್ಲ

ರಾತ್ರಿ ಒಂದೂವರೆಗೆ ಆಪರೇಷನ್ಸ್‌ನಿಂದ ಫೋನ್ ಬಂತು. ಮೇನ್‌ಫ್ರೇಮ್‌ನಲ್ಲಿ ಮೂರು ತಿಂಗಳಿಗೊಮ್ಮೆ ಓಡುವ ಜಾಬ್ ಶುರುವೇ ಆಗುತ್ತಿಲ್ಲ. ಲಾಗ್‌ನಲ್ಲಿ ಐಸಿಎಚ್408ಐ ಎಂಬ ಸೆಕ್ಯುರಿಟಿ ಮೆಸೇಜ್, ಜೊತೆಗೆ ‘ರಿವೋಕ್ಡ್ ಯೂಸರ್ ಆಕ್ಸೆಸ್ ಅಟೆಂಪ್ಟ್’, ಅಂದರೆ ತಡೆಹಿಡಿದ ಐಡಿಯಿಂದ ಪ್ರವೇಶದ ಯತ್ನ. ಆ ಜಾಬ್‌ನ ಐಡಿ ರಿವೋಕ್ ಮಾಡಲು ಅಪ್ರೂವಲ್ಲೇ ಬಂದಿರಲಿಲ್ಲ. ಆದರೆ ಹಿಂದಿನ ಸಂಜೆ ನಾನು ತೆಗೆದ ಪಟ್ಟಿಯಲ್ಲಿ ಅದು ಇತ್ತು. ನಿದ್ದೆ ಹಾರಿಹೋಯಿತು.

ನಾನು ಮಾಡಿದ್ದಿಷ್ಟೇ. ತೊಂಬತ್ತು ದಿನದಿಂದ ಬಳಸದ ಐಡಿಗಳನ್ನು ಹುಡುಕಲು ಮೇನ್‌ಫ್ರೇಮ್ ಸೆಕ್ಯುರಿಟಿ ಸಾಫ್ಟ್‌ವೇರ್ ರ‍್ಯಾಕ್‌ಎಫ್‌ನ ಸರ್ಚ್ ಕಮಾಂಡ್ ಕೊಟ್ಟು, ಏಜ್(90) ಹಾಕಿ, ಸಿಲಿಸ್ಟ್ (ಸಾಲಾಗಿ ಓಡಿಸಬಹುದಾದ ಕಮಾಂಡ್‌ಗಳ ಫೈಲ್) ಮಾಡುವ ಆಪರೆಂಡ್‌ನಲ್ಲಿ ಪ್ರತಿ ಹೆಸರಿನ ಮೊದಲು ‘ಆಲ್ಟ್‌ಯೂಸರ್’, ನಂತರ ‘ರಿವೋಕ್’ ಸೇರಿಸಿದ್ದೆ, ಅಂದರೆ ಆ ಐಡಿಯನ್ನು ತಡೆಯುವ ಕಮಾಂಡ್. ಪಟ್ಟಿ ರಿವ್ಯೂಗೆ ಹೋಗಬೇಕಿತ್ತು, ಓಡಿಸುವ ಮಾತೇ ಇರಲಿಲ್ಲ. ಅಂದಹಾಗೆ, ಮೂರು ತಿಂಗಳಿಗೊಮ್ಮೆ ಓಡುವ ಜಾಬ್‌ನ ಐಡಿ 90 ದಿನದ ಬಲೆಗೆ ಬೀಳುವುದು ಸಹಜವೇ. ಅಂಥದ್ದನ್ನು ಹಿಡಿಯಲೆಂದೇ ರಿವ್ಯೂ ಇರುವುದು.

ಬೆಳಿಗ್ಗೆ ಸಹೋದ್ಯೋಗಿಯನ್ನು ಕೇಳಿದೆ, “ನೀವೇನಾದ್ರೂ ರಿವೋಕ್ ಓಡಿಸಿದ್ರಾ?”

“ಇಲ್ಲಪ್ಪಾ, ಟ್ರೈನಿಂಗ್ ಐಡಿಗಳಿಗೆ ಲಿಸ್ಟ್‌ಯೂಸರ್ ಹಾಕಿ ವಿವರ ನೋಡಿದೆ, ಅಷ್ಟೇ.”

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಸರ್ಚ್ ತನ್ನ ಸಿಲಿಸ್ಟನ್ನು ಎಲ್ಲಿ ಬರೆಯಬೇಕೆಂದು ಕೇಳುವುದೇ ಇಲ್ಲ. ಪ್ರಿಫಿಕ್ಸ್ (ಫೈಲ್ ಹೆಸರಿನ ಮೊದಲಿಗೆ ಸಿಸ್ಟಮ್ ತಾನೇ ಸೇರಿಸುವ ಪದ, ಸಾಮಾನ್ಯವಾಗಿ ಐಡಿಯೇ), ಅದರ ಮುಂದೆ ಎಕ್ಸೆಕ್.ರ‍್ಯಾಕ್‌ಎಫ್.ಸಿಲಿಸ್ಟ್, ಇದೊಂದೇ ಹೆಸರು. ಹಳೆಯದೇನಿದ್ದರೂ ಸದ್ದಿಲ್ಲದೆ ಅದರ ಮೇಲೇ ಬರೆಯುತ್ತದೆ. ನಮ್ಮಿಬ್ಬರ ಜಾಬ್‌ಗಳೂ ಒಂದೇ ಬ್ಯಾಚ್ ಐಡಿಯಲ್ಲಿ ಓಡುತ್ತಿದ್ದವು, ಹಾಗಾಗಿ ಪ್ರಿಫಿಕ್ಸೂ ಒಂದೇ, ಫೈಲೂ ಒಂದೇ. ಅವರ ಮೊದಲ ಸ್ಟೆಪ್ ಸರ್ಚ್, ಎರಡನೆಯದು ಆ ಸಿಲಿಸ್ಟನ್ನು ಓಡಿಸುವುದು. ಎರಡರ ನಡುವೆ ನನ್ನ ಜಾಬ್ ನುಗ್ಗಿತ್ತು. ಅವರ ಎರಡನೇ ಸ್ಟೆಪ್ ಓಡಿಸಿದ್ದು ನನ್ನ ರಿವೋಕ್‌ಗಳನ್ನು.

ಸರಿಪಡಿಸುವುದೇ ದೊಡ್ಡ ಕೆಲಸವಾಯಿತು. ಪಟ್ಟಿಯಲ್ಲಿದ್ದ ಎಲ್ಲರಿಗೂ ರೆಸ್ಯೂಮ್ ಕೊಟ್ಟು ತಡೆ ತೆಗೆದುಬಿಡೋಣ ಎಂದಾಗ ನಾನೇ ತಡೆದೆ. ಮೊದಲೇ ಸಕಾರಣವಾಗಿ ರಿವೋಕ್ ಆಗಿದ್ದವರೂ ಆ ಪಟ್ಟಿಯಲ್ಲಿದ್ದರು, ಅವರಿಗೂ ಬಾಗಿಲು ತೆರೆದುಕೊಳ್ಳುತ್ತಿತ್ತು. ರಿವೋಕ್ ಓಡುವ ಮುಂಚಿನ ರಾತ್ರಿಯ ಐಆರ್‌ಆರ್‌ಡಿಬಿಯು00 ಅನ್‌ಲೋಡ್, ಅಂದರೆ ಸೆಕ್ಯುರಿಟಿ ಡೇಟಾಬೇಸಿನ ಓದಬಹುದಾದ ನಕಲು, ಇತ್ತು, ಪುಣ್ಯ. ಅದರ 0200 ಎಂಬ ಯೂಸರ್ ರೆಕಾರ್ಡ್‌ಗಳಲ್ಲಿ ಯಾರು ಮೊದಲೇ ರಿವೋಕ್ ಆಗಿದ್ದರೆಂದು ನೋಡಿ, ಉಳಿದವರಿಗಷ್ಟೇ ರೆಸ್ಯೂಮ್ ಕೊಟ್ಟೆವು.

ಆಮೇಲೆ ಬದಲಾಯಿಸಿದ್ದು ಎರಡು. ರಿವ್ಯೂ ಪಟ್ಟಿಗೆ ಸಿಲಿಸ್ಟ್ ಆಪರೆಂಡನ್ನೇ ಬಿಟ್ಟೆ. ಅದಿಲ್ಲದಿದ್ದರೆ ಸರ್ಚ್ ಹೆಸರುಗಳನ್ನು ಸಿಸ್‌ಟಿಎಸ್‌ಪಿಆರ್‌ಟಿ ಎಂಬ ಔಟ್‌ಪುಟ್‌ಗೆ ಹಾಕುತ್ತದೆ, ಆ ಔಟ್‌ಪುಟನ್ನು ಜೆಸಿಎಲ್‌ನಲ್ಲಿ (ಜಾಬ್ ಬರೆಯುವ ಭಾಷೆ) ನಮಗೆ ಬೇಕಾದ ಜಿಡಿಜಿಗೆ, ಅಂದರೆ ಆವೃತ್ತಿಗಳನ್ನು ಬೇರೆಬೇರೆ ಉಳಿಸುವ ಫೈಲ್ ಗುಂಪಿಗೆ, ತಿರುಗಿಸಬಹುದು. ಪ್ರತಿ ಸಲ ಹೊಸ ಜನರೇಷನ್, ಓಡಿಸಲು ಅದರಲ್ಲಿ ಕಮಾಂಡೇ ಇಲ್ಲ. ನಿಜಕ್ಕೂ ಕಮಾಂಡ್ ಬೇಕಾದ ಜಾಬ್‌ಗಳಲ್ಲಿ, ಕಮಾಂಡ್‌ಗಳನ್ನು ಬರೆಯುವ ಸಿಸ್‌ಟಿಎಸ್‌ಇನ್‌ನಲ್ಲಿ ಸರ್ಚ್‌ಗೆ ಮುಂಚಿನ ಸಾಲಾಗಿ ‘ಪ್ರೊಫೈಲ್ ಪ್ರಿಫಿಕ್ಸ್’ ಬರೆದು ಒಂದೊಂದು ಜಾಬ್‌ಗೂ ಬೇರೆ ಪ್ರಿಫಿಕ್ಸ್ ಕೊಟ್ಟೆ. ಬ್ಯಾಚ್‌ನಲ್ಲಿ ಈ ಬದಲಾವಣೆ ಆ ಓಟಕ್ಕೆ ಮಾತ್ರ. ಮೊದಲ ಸಲ ನನ್ನ ಜಾಬ್ ಫೇಲ್ ಆಯಿತು. ಹೊಸ ಪ್ರಿಫಿಕ್ಸ್ ಎಂದರೆ ಹೊಸ ಹೈ-ಲೆವೆಲ್ ಕ್ವಾಲಿಫೈಯರ್ (ಡೇಟಾಸೆಟ್, ಅಂದರೆ ಫೈಲ್, ಹೆಸರಿನ ಮೊದಲ ಭಾಗ), ಅದರ ಡೇಟಾಸೆಟ್ ಪ್ರೊಫೈಲ್‌ನಲ್ಲಿ ಬ್ಯಾಚ್ ಐಡಿಗೆ ಫೈಲ್ ಸೃಷ್ಟಿಸಲು ಬೇಕಾದ ಆಲ್ಟರ್ ಅನುಮತಿ ಇರಬೇಕು. ಸೆಕ್ಯುರಿಟಿ ಟೀಮಿನವನೇ ಅದನ್ನು ಮರೆತಿದ್ದೆ.

ಬೇರೆ ಕಮಾಂಡ್‌ಗಳ ಗತಿಯೇನೆಂದು ಅದೇ ವಾರ ನೋಡಿದೆ. ಸರ್ಟಿಫಿಕೇಟ್‌ಗಳನ್ನು ಫೈಲಿಗೆ ಬರೆಯುವ ರ‍್ಯಾಕ್‌ಡಿಸರ್ಟ್ ಎಕ್ಸ್‌ಪೋರ್ಟ್‌ನಲ್ಲಿ ಡೇಟಾಸೆಟ್ ಹೆಸರು ನಾವೇ ಕೊಡಬಹುದು, ಆದರೆ ಕೋಟ್ಸ್ ಹಾಕದಿದ್ದರೆ ಅಲ್ಲೂ ಪ್ರಿಫಿಕ್ಸ್ ತಾನಾಗಿ ಅಂಟಿಕೊಳ್ಳುತ್ತದೆ. ನನ್ನ ಐಡಿಯ ಕೆಳಗಿನ ಡೇಟಾಸೆಟ್‌ಗಳ ಪಟ್ಟಿ ತೆಗೆದರೆ, ಪ್ರೈವೇಟ್ ಕೀ ಸಮೇತ ಒಂದು ಪಿಕೆಸಿಎಸ್12 ಸರ್ಟಿಫಿಕೇಟ್ ಫೈಲ್ ಯಾವ ಕಾಲದಿಂದಲೋ ಅಲ್ಲಿ ಬಿದ್ದಿತ್ತು.