ಮಗನನ್ನು ಮರಗೆಲಸಕ್ಕೆ ಸೇರಿಸ್ತೀರಾ? ಮೊದಲು ಇಷ್ಟು ಮಾಡಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ವರ್ಕ್‌ಶಾಪಿಗೆ ತಂದೆ ತಾಯಂದಿರು ಬರುತ್ತಾರೆ. "ಇವನಿಗೆ ಓದು ಹತ್ತಲಿಲ್ಲ ಮೇಸ್ತ್ರಿ, ಕೆಲಸನಾದ್ರೂ ಕಲೀಲಿ" ಅನ್ನುತ್ತಾರೆ. ಕಲಿಸೋಣ. ಆದರೆ ಫೇಲಾದ ವಿಷಯಕ್ಕೆ ಮತ್ತೆ ಪರೀಕ್ಷೆ ಕಟ್ಟಿಸಿ. ಗಣಿತವನ್ನಂತೂ ಬಿಡಿಸಲೇಬೇಡಿ.

ಯಾಕೆ ಅಂತ ಹೇಳ್ತೀನಿ. ಪ್ಲೈವುಡ್ ಶೀಟ್ 8 ಅಡಿ ಉದ್ದ, 4 ಅಡಿ ಅಗಲ. 16 ಇಂಚು ಅಗಲದ ಶೆಲ್ಫ್ ಹಲಗೆ ಬೇಕು. 48 ಇಂಚಿನಲ್ಲಿ ಸರಿಯಾಗಿ ಮೂರು ಬರುತ್ತೆ ಅಂತ ಹುಡುಗ ಗೆರೆ ಎಳೆಯುತ್ತಾನೆ. ಗರಗಸದ ಬ್ಲೇಡು ಒಂದೊಂದು ಸಲವೂ ಸುಮಾರು 3 ಮಿಲಿಮೀಟರ್ ತಿನ್ನುತ್ತದೆ. ಎರಡು ಸಲ ಕೊಯ್ದರೆ ಮೂರನೇ ಹಲಗೆ ಹತ್ತಿರ ಹತ್ತಿರ ಕಾಲು ಇಂಚು ಕಡಿಮೆ! ಲೆಕ್ಕ ಬಲ್ಲವನು ಕೊಯ್ಯುವ ಮೊದಲೇ ಕೆಲಸ ಕೊಟ್ಟ ಮನೆಯವರನ್ನು ಕೇಳಿ, ಮೂರನ್ನೂ ಹದಿನೈದೂ ಮುಕ್ಕಾಲಿಗೆ ಇಳಿಸುತ್ತಾನೆ. ಶೀಟ್ ಉಳಿಯುತ್ತೆ, ಮಾತೂ ಉಳಿಯುತ್ತೆ.

ವಯಸ್ಸು ನೋಡಿ. 14 ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. 18 ಆಗುವವರೆಗೆ ನಾನು ಯಾರನ್ನೂ ಕಟಿಂಗ್ ಮೆಷಿನ್ ಮುಟ್ಟಲು ಬಿಡುವುದಿಲ್ಲ. ನೀವು ಸೇರಿಸುವ ಕಡೆಯೂ ಇದನ್ನೇ ಕೇಳಿ. ದಿನಕ್ಕೆ ಎಷ್ಟು ಕೊಡ್ತೀರಿ, ಅಳತೆ ಹಾಕೋದು ಯಾವಾಗ ಕಲಿಸ್ತೀರಿ ಅಂತಲೂ ಬಾಯಿ ಬಿಟ್ಟು ಕೇಳಿ. ಸುಮ್ನೆ ವರ್ಷಗಟ್ಟಲೆ ಉಜ್ಜುಕಾಗದ ಹಿಡಿಸಿ ಕೂರಿಸುವವರೂ ಇದ್ದಾರೆ.

ಹತ್ತಿರದ ಐಟಿಐಯಲ್ಲಿ ಕಾರ್ಪೆಂಟರ್ ಟ್ರೇಡ್ ಇದ್ದರೆ ಮೊದಲು ಅಲ್ಲಿಗೆ ಕಳಿಸಿ. ಎಂಟನೇ ಕ್ಲಾಸ್ ಪಾಸಾಗಿದ್ದರೆ ಸಾಕು, ಒಂದು ವರ್ಷದ ಕೋರ್ಸು. ನನ್ನ ಹತ್ತಿರ ಕೈ ಪಳಗುತ್ತೆ ನಿಜ, ಸರ್ಟಿಫಿಕೇಟ್ ಕೊಡೋಕೆ ನನ್ನಿಂದಾಗಲ್ಲ. ನಾಳೆ ಫ್ಯಾಕ್ಟರಿ ಕೆಲಸಕ್ಕೆ ಹೋದರೆ ಅದನ್ನೇ ಕೇಳೋದು, ಅಲ್ವಾ?

16 ದಾಟಿದ ಮೇಲೆ ಇ-ಶ್ರಮ್ ಕಾರ್ಡ್ (ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ ಕಾರ್ಡ್) ಮಾಡಿಸಿ. 18 ಆಗಿ ಸ್ವಂತ ಕೆಲಸ ಹಿಡಿದವರಿಗೆ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ಇದೆ. 2023ರಲ್ಲಿ ಶುರುವಾದ ಅದರ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. 5ರಿಂದ 7 ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು. ಆಮೇಲೆ ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ. ಮನೆಗೆ ಒಬ್ಬರಿಗೆ ಮಾತ್ರ. ಯಾರ ಹೆಸರಲ್ಲಿ ಹಾಕಬೇಕು ಅಂತ ಮನೆಯಲ್ಲಿ ಮಾತಾಡಿಕೊಂಡು, ಅರ್ಜಿ ತಗೊಳ್ತಿದ್ದಾರಾ ಅಂತ ಸರ್ಕಾರಿ ಯೋಜನೆಗಳ ಅರ್ಜಿ ಹಾಕಿಕೊಡುವ ಸಿಎಸ್‌ಸಿ (ಕಾಮನ್ ಸರ್ವಿಸ್) ಸೆಂಟರಿನಲ್ಲಿ ವಿಚಾರಿಸಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಒಟಿಪಿ ಅದಕ್ಕೇ ಬರೋದು.