ಮೆಷೀನ್‌ನಲ್ಲಿ 34 ಸಾವಿರ, ಚೇಂಬರ್‌ನಲ್ಲಿ 1.8 ಲಕ್ಷ

ನಾನು ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಪೇಷಂಟ್ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೇ ತಿರುಗಿಬೀಳುವ ಕಾಯಿಲೆ) ಇರುವ ಹೆಂಗಸು. ರಕ್ತ ಹೆಪ್ಪುಗಟ್ಟಿಸುವ ಕಣ ಪ್ಲೇಟ್‌ಲೆಟ್ 34 ಸಾವಿರದ ಆಸುಪಾಸು, ತೀರಾ ಕಡಿಮೆ. ವಾರದಲ್ಲಿ ಮೂರು ಸಲ ಮಾಡಿದರೂ ಅಷ್ಟೇ. ಸ್ಟೀರಾಯ್ಡ್ ಏರಿಸುವ ಮಾತು ಶುರುವಾಗಿತ್ತು. ಆದರೆ ಮೈಮೇಲೆ ಒಂದು ಕೆಂಪು ಚುಕ್ಕೆ ಇಲ್ಲ, ವಸಡಿನಲ್ಲಿ ರಕ್ತ ಇಲ್ಲ. ನನಗೆ ಅಲ್ಲೇ ಅನುಮಾನ ಬಂತು. "ಲೂಪಸ್ ಅಂದಮೇಲೆ ಪ್ಲೇಟ್‌ಲೆಟ್ ಬೀಳೋದೇ ಅಲ್ವಾ, ಸುಮ್ನೆ ರಿಪೋರ್ಟ್ ಕಳಿಸಿ" ಅಂದರು ನಮ್ಮ ಸೀನಿಯರ್ ಮೇಡಂ.

ಸ್ಮಿಯರ್ ಹಾಕಿದೆ, ಅಂದರೆ ಗಾಜಿನ ಮೇಲೆ ರಕ್ತ ತೆಳ್ಳಗೆ ಎಳೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ನಡುವೆ ಪ್ಲೇಟ್‌ಲೆಟ್‌ಗೆ ಬರ. ಸ್ಮಿಯರಿನ ಬಾಲದ ತುದಿಗೆ ಹೋದರೆ ಗೊಂಚಲು ಗೊಂಚಲು, ಒಂದೊಂದರಲ್ಲಿ ಮೂವತ್ತು ನಲವತ್ತು. ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಮಾಡಿದ ಕೆಲಸ. ಗೊಂಚಲಾದವನ್ನ ಮೆಷೀನ್ ಪ್ಲೇಟ್‌ಲೆಟ್ ಅಂತ ಎಣಿಸಿರಲಿಲ್ಲ. ದೊಡ್ಡ ಗೊಂಚಲುಗಳನ್ನ ಮೆಷೀನ್ ಬಿಳಿ ಕಣ ಅಂತ ಎಣಿಸಿ ಆ ಲೆಕ್ಕವನ್ನೂ ಏರಿಸಿತ್ತು.

ಇಡಿಟಿಎ ಬದಲು ಸಿಟ್ರೇಟ್ ದ್ರವ ಇರುವ ನೀಲಿ ಟ್ಯೂಬ್‌ನಲ್ಲಿ ತೆಗೆದು, ಆ ದ್ರವದಿಂದ ರಕ್ತ ತೆಳುವಾಗುವುದಕ್ಕೆ 1.1ರಿಂದ ಗುಣಿಸಿದರೆ ಮುಗೀತು ಅಂದುಕೊಂಡೆ. ಮೊದಲ ಸಲ ಗೆರೆವರೆಗೆ ರಕ್ತ ತುಂಬಿರಲಿಲ್ಲ, ಲೆಕ್ಕವೇ ಕೆಟ್ಟಿತು. ಮತ್ತೆ ತೆಗೆದಾಗ 70 ಸಾವಿರ. ನೋಡಿದರೆ ಅಲ್ಲೂ ಗೊಂಚಲು! ಸಿಟ್ರೇಟ್‌ನಲ್ಲೂ ಅಂಟಿಕೊಳ್ಳುವ ರಕ್ತ ಕೆಲವರದು ಇರುತ್ತದೆ. 37 ಡಿಗ್ರಿಯಲ್ಲಿಟ್ಟು ಬಿಸಿಬಿಸಿ ಓಡಿಸಿದೆ, 1.1 ಲಕ್ಷಕ್ಕೆ ಬಂತು. ಮೇಡಂ ನಕ್ಕರು: "ಮೂರು ಟ್ಯೂಬ್, ಮೂರು ನಂಬರ್. ಯಾವುದನ್ನ ಬರೆಯೋಣ?"

ಅಷ್ಟರಲ್ಲಿ ರೀಏಜೆಂಟ್ ಖರ್ಚಿನ ಲೆಕ್ಕ ಕೇಳುವವರೂ ಬಂದರು. ಪೇಷಂಟ್‌ಗೆ ಬಿಲ್ ಹಾಕುವಂತಿಲ್ಲ, ತಪ್ಪು ನಮ್ಮ ಟ್ಯೂಬಿನದು. ಕೊನೆಗೆ ನನ್ನ ಜೇಬಿಗೇ ಬಿತ್ತು. ಪೇಷಂಟ್ ಕಡೆಯವರು ಆಗಲೇ ಮೂರು ಸಲ ದುಡ್ಡು ಕಟ್ಟಿದ್ದರು, ಪ್ಲೇಟ್‌ಲೆಟ್ ಬ್ಯಾಗ್‌ಗೂ ಓಡಾಡುತ್ತಿದ್ದರು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಇಡಿಟಿಎ ಟ್ಯೂಬ್‌ಗೆ ಅಮಿಕಾಸಿನ್ ಅನ್ನುವ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಹನಿಸುವುದು. ಗೊಂಚಲು ಬಿಡಿಸುತ್ತದೆ, ಸುಳ್ಳಲ್ಲ. ಆದರೆ ನನ್ನ ಕೈಯಲ್ಲಿ ಒಮ್ಮೆ ಬಂದ ನಂಬರ್ ಇನ್ನೊಮ್ಮೆ ಬರಲಿಲ್ಲ. ಕೈಬಿಟ್ಟೆ.

ಬೀರುವಿನಿಂದ ಹಳೇ ನ್ಯೂಬಾರ್ ಚೇಂಬರ್, ಅಂದರೆ ಕಣಗಳನ್ನ ಕಣ್ಣಿಂದಲೇ ಎಣಿಸಲು ಚೌಕ ಕೊರೆದ ಗಾಜಿನ ಪಟ್ಟಿ, ಹೊರಗೆ ಬಂತು. ಈಗಿನ ಹುಡುಗರು ಅದನ್ನ ಶೋಕೇಸ್ ವಸ್ತು ಅಂತಾರೆ. ಕೆಂಪು ಕಣ ಒಡೆಯುವ 1% ಅಮೋನಿಯಂ ಆಕ್ಸಲೇಟ್ 380 ಮೈಕ್ರೋಲೀಟರ್, ಬೆರಳಿನ ರಕ್ತ 20. ಮೊದಲ ಹನಿ ಒರೆಸಿಬಿಡಿ, ಎರಡನೆಯದನ್ನ ತಕ್ಷಣ ಎಳೆಯಿರಿ. ನಾನು ಒಮ್ಮೆ ಪಿಪೆಟ್ ಟಿಪ್ ಹುಡುಕುತ್ತಾ ತಡಮಾಡಿದೆ, ಅದೂ ಅಂಟಿತು. ತುಂಬಿದ ಚೇಂಬರನ್ನ ಒದ್ದೆ ಹತ್ತಿ ಇಟ್ಟ ಪೆಟ್ರಿ ಡಿಶ್‌ನಲ್ಲಿ ಮುಚ್ಚಿ ಹದಿನೈದು ನಿಮಿಷ ಬಿಟ್ಟೆ. ಚೇಂಬರ್ ತುಂಬುವಾಗಿನ ನನ್ನದೊಂದು ಕೈಚಳಕ ಇದೆ, ಅದು ಇಲ್ಲಿ ಬರೆಯಲ್ಲ. ಮೈಕ್ರೋಸ್ಕೋಪ್‌ನ ಕಂಡೆನ್ಸರ್ (ಬೆಳಕು ಕೂಡಿಸುವ ಮಸೂರ) ಇಳಿಸಿ ನೋಡಿದರೆ ಮಿನುಗುವ ಸಣ್ಣ ಚುಕ್ಕೆಗಳು, ಒಂದೊಂದೂ ಬೇರೆ ಬೇರೆ. ನಡುವಿನ ಇಪ್ಪತ್ತೈದು ಚೌಕಗಳಲ್ಲಿ ಐದನ್ನ ಎಣಿಸಿದೆ: 183. ಸಾವಿರದಿಂದ ಗುಣಿಸಿ, 1.83 ಲಕ್ಷ.

ನನ್ನ ನಂಬರ್ ಹೇಳದೆ ಇನ್ನೊಂದು ಬದಿ ಎಣಿಸಲು ಮೇಡಂಗೇ ಕೊಟ್ಟೆ. 176. ಅವರೇ ವಾರ್ಡ್‌ಗೆ ಫೋನ್ ಮಾಡಿದರು. ಸ್ಟೀರಾಯ್ಡ್ ಏರಲಿಲ್ಲ, ಬ್ಯಾಗ್ ಬೇಕಾಗಲಿಲ್ಲ.

ಎರಡು ತಿಂಗಳಾದ ಮೇಲೆ ಇನ್ನೊಬ್ಬ ಲೂಪಸ್ ಪೇಷಂಟ್, 12 ಸಾವಿರ. "ನಿಮ್ಮ ಗೊಂಚಲೇ ಇರಬೇಕು" ಅಂತ ಎಲ್ಲರೂ ನನ್ನತ್ತ ನೋಡಿದರು. ಬಾಲದ ತುದಿವರೆಗೆ ಹುಡುಕಿದೆ, ಒಂದೂ ಇಲ್ಲ. ಅಲ್ಲೊಂದು ಇಲ್ಲೊಂದು, ಕೆಂಪು ಕಣದಷ್ಟೇ ದೊಡ್ಡ ಪ್ಲೇಟ್‌ಲೆಟ್. ಚೇಂಬರ್‌ನಲ್ಲಿ ಐದು ಚೌಕಕ್ಕೆ 11, ಅಂದರೆ 11 ಸಾವಿರ. ಈ ಸಲ ನಿಜಕ್ಕೂ ಬಿದ್ದಿತ್ತು. ಆವತ್ತು ಫೋನ್‌ಗೆ ಓಡಿದವನು ನಾನು.